ಹಂದಿಯ ನೆಪದಲ್ಲಿ ಯಾರ ಬೇಟೆ?

ಭತ್ತದ ತೆನೆ ಹಾಲುಗಟ್ಟುವ ಹೊತ್ತಿಗೆ ಮಲೆನಾಡಿನ ಕಾಡಂಚಿನ ಊರುಗಳಲ್ಲಿ ನಿದ್ರೆ ದುಬಾರಿಯಾಗುತ್ತದೆ. ಮಾಳದ ಮೇಲೆ ಕುಳಿತು, ತಗಡು ಬಡಿದು, ಪಟಾಕಿ ಸಿಡಿಸಿ ರಾತ್ರಿ ಕಳೆದವರು ಒಂದು ಗಳಿಗೆ ಕಣ್ಣು ಮುಚ್ಚಿದರೆ ಸಾಕು, ಕಾಡುಹಂದಿಗಳ ಹಿಂಡು ಗದ್ದೆಗೆ ಇಳಿದಿರುತ್ತದೆ. ಅದು ತಿನ್ನುವುದಕ್ಕಿಂತ ತುಳಿದು ಕೆಡಿಸುವುದೇ ಹೆಚ್ಚು. ಶುಂಠಿ, ಸುವರ್ಣಗಡ್ಡೆ, ಬಾಳೆ, ಎಳೆಯ ಅಡಿಕೆ ಸಸಿ ಯಾವುದಕ್ಕೂ ವಿನಾಯಿತಿಯಿಲ್ಲ. ಈ ನಷ್ಟ ನಿಜ, ಈ ಸಿಟ್ಟು ನ್ಯಾಯವಾದದ್ದು. ಇದನ್ನು ಅಲ್ಲಗಳೆಯುವ ಪರಿಸರವಾದಕ್ಕೆ ಬೆಟ್ಟದ ಊರುಗಳಲ್ಲಿ ನೆಲೆಯಿಲ್ಲ.

ಆದರೆ ಈ ಸಿಟ್ಟನ್ನೇ ಬಂಡವಾಳ ಮಾಡಿಕೊಂಡ ಕೂಗೊಂದಿದೆ: ‘ಕಾಡುಹಂದಿಯನ್ನು ಪೀಡಕ ಪ್ರಾಣಿಯೆಂದು ಘೋಷಿಸಿ, ಕೊಂದು ತಿನ್ನಲು ಬಿಡಿ.’ ಕೇಳಲು ಇದು ರೈತಪರವೆನಿಸುತ್ತದೆ. ಇದರ ಫಲ ಯಾರ ಅಂಗಳಕ್ಕೆ ಬೀಳುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಮೊದಲು ಹಂದಿಯ ಸ್ವಭಾವವನ್ನು ಅರಿಯಬೇಕು. ಹೆಣ್ಣುಗಳೂ ಮರಿಗಳೂ ಹಿಂಡಾಗಿ ಬದುಕುತ್ತವೆ. ಬಲಿತ ಗಂಡು ಬಹುಮಟ್ಟಿಗೆ ಒಂಟಿ. ಕಣ್ಣು ಮಂದ, ಮೂಗು ಬಹಳ ಚುರುಕು. ಸುಮಾರು ನಾಲ್ಕು ತಿಂಗಳ ಗರ್ಭ, ಒಂದೇ ಸೂಲಿಗೆ ನಾಲ್ಕಾರು ಮರಿಗಳು. ಗೆಡ್ಡೆ, ಹಣ್ಣು, ಹುಳು, ಸತ್ತ ಪ್ರಾಣಿ ಎಲ್ಲವೂ ಅದಕ್ಕೆ ಆಹಾರ. ಮುಸುಡಿನಿಂದ ಮಣ್ಣು ಮಗುಚುವ ಈ ಜೀವಿ ಕಾಡಿನ ನೆಲವನ್ನು ಸಡಿಲಗೊಳಿಸುತ್ತದೆ. ಹುಲಿ, ಚಿರತೆ, ಸೀಳುನಾಯಿಗಳಿಗೆ ಆಹಾರವಾಗುತ್ತದೆ. ಮನುಷ್ಯನ ವಾಸನೆ ಬಂದರೆ ಸಾಮಾನ್ಯವಾಗಿ ಓಡಿಹೋಗುವ ಹಂದಿ ಗಾಯಗೊಂಡಾಗ, ಮರಿಗಳೊಡನಿರುವಾಗ, ದಾರಿ ಕಟ್ಟಿದಾಗ ತಿರುಗಿ ಬೀಳುತ್ತದೆ. ಅದರ ಕೋರೆ ತೊಡೆಯನ್ನು ಸೀಳಿದರೆ ಆಸ್ಪತ್ರೆ ತಲುಪುವ ಮುನ್ನವೇ ಪ್ರಾಣ ಹೋಗಬಹುದು. ಅರೆಜೀವವಾಗಿ ತಪ್ಪಿಸಿಕೊಂಡ ಹಂದಿಯಷ್ಟು ಅಪಾಯಕಾರಿ ಪ್ರಾಣಿ ತೋಟದ ಬದಿಯಲ್ಲಿ ಮತ್ತೊಂದಿಲ್ಲ.

ಹಾಗಿದ್ದರೆ ಅದು ಊರಿಗೆ ಬರುವುದೇಕೆ? ಹಲಸು, ನೇರಳೆ, ಗೆಡ್ಡೆಗೆಣಸು ಇದ್ದ ಕಾಡನ್ನು ಕಡಿದು ಅಕೇಶಿಯಾ, ನೀಲಗಿರಿ ನೆಟ್ಟವರು ಹಂದಿಗಳಲ್ಲ. ಮೈಸೂರು ಕಾಗದ ಕಾರ್ಖಾನೆಗೆಂದು 1980ರಲ್ಲಿ ಗುತ್ತಿಗೆಗೆ ಹೋದ ಮಲೆನಾಡಿನ ಸಾವಿರಾರು ಹೆಕ್ಟೇರ್ ನೆಲ ನಾಲ್ಕು ದಶಕ ಏಕಜಾತಿಯ ನೆಡುತೋಪಾಗಿತ್ತು. 2020ರಲ್ಲಿ ಆ ಗುತ್ತಿಗೆ ಮುಗಿದಾಗ ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂದು ಜನ ಬೀದಿಗಿಳಿದದ್ದು ಸುಮ್ಮನೆ ಅಲ್ಲ. ಹಂದಿಯ ಸಹಜ ವೈರಿಯಾದ ಸೀಳುನಾಯಿಯ ತಲೆಗೆ ಬ್ರಿಟಿಷರ ಕಾಲದಿಂದ ಬಹುಮಾನ ಕೊಟ್ಟು ಕೊಲ್ಲಿಸಿದ್ದೂ ಮನುಷ್ಯರೇ. ಇನ್ನು ಊರೊಳಗಿನ ಕಾರಣವೂ ಉಂಟು. ಕೂಲಿ ಸಿಗದೆ, ಬೆಲೆ ಸಿಗದೆ ಗದ್ದೆಗಳು ಬೀಳು ಬಿದ್ದಿವೆ. ಲಂಟಾನ ಬೆಳೆದ ಆ ಬೀಳುಗಳೇ ಹಂದಿಗಳ ಹಗಲಿನ ತಾಣ. ಹತ್ತು ಮನೆಯವರು ಭತ್ತ ಬೆಳೆಯುತ್ತಿದ್ದಾಗ ಹತ್ತು ಪಾಲಾಗುತ್ತಿದ್ದ ಹಾನಿ ಈಗ ಉಳಿದ ಒಬ್ಬನ ತಲೆಯ ಮೇಲೆ ಬೀಳುತ್ತದೆ. ಹೋಂಸ್ಟೇಗಳು, ಕೋಳಿ ಅಂಗಡಿಗಳು ರಸ್ತೆ ಬದಿಗೆ ಸುರಿಯುವ ಎಂಜಲು ಅವುಗಳಿಗೆ ಊರಿನ ದಾರಿ ಕಲಿಸುತ್ತದೆ.

ಈಗ ಕಾನೂನನ್ನು ನೋಡೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು 2022ರಲ್ಲಿ ತಿದ್ದುಪಡಿಯಾದ ಮೇಲೆ ಕಾಡುಹಂದಿ ಎರಡನೆಯ ಅನುಸೂಚಿಯಲ್ಲಿದೆ. ನಿಂತ ಬೆಳೆಗೆ ಅಪಾಯ ತಂದ ಪ್ರಾಣಿಯನ್ನು ಕೊಲ್ಲಲು ಅನುಮತಿ ನೀಡುವ ಅಧಿಕಾರ 11ನೆಯ ಕಲಮಿನಲ್ಲಿ ಈಗಾಗಲೇ ಇದೆ. ಹೀಗೆ ಕೊಂದ ಪ್ರಾಣಿ ಸರ್ಕಾರದ ಸ್ವತ್ತು. ಅದರ ಮಾಂಸ ಯಾರ ಮನೆಗೂ ಹೋಗುವಂತಿಲ್ಲ. 62ನೆಯ ಕಲಮಿನಂತೆ ಕೇಂದ್ರ ಸರ್ಕಾರ ‘ಪೀಡಕ’ ಎಂದು ಘೋಷಿಸಿದ ಪ್ರಾಣಿಗೆ ಮಾತ್ರ ಈ ನಿರ್ಬಂಧವಿಲ್ಲ. ಘೋಷಣೆಯ ಕೂಗಿನ ಗುಟ್ಟು ಇಲ್ಲಿದೆ. ಬೆಳೆ ಉಳಿಸಲು ಬೇಕಾದ ಅವಕಾಶ ಕಾಯ್ದೆಯಲ್ಲಿದೆ. ಇಲ್ಲದಿರುವುದು ಮಾಂಸದ ಅವಕಾಶ.

2015ರ ಕೊನೆಗೆ ಬಿಹಾರದಲ್ಲಿ, 2016ರಲ್ಲಿ ಉತ್ತರಾಖಂಡದಲ್ಲಿ ಕಾಡುಹಂದಿಯನ್ನು ನಿರ್ದಿಷ್ಟ ಪ್ರದೇಶಗಳಿಗೆ, ನಿರ್ದಿಷ್ಟ ಅವಧಿಗೆ ಪೀಡಕವೆಂದು ಘೋಷಿಸಲಾಯಿತು. ಕೇರಳ 2022ರಲ್ಲಿ ಬೇರೆ ದಾರಿ ಹಿಡಿದು, ಹಾವಳಿ ಮಾಡುವ ಹಂದಿಯನ್ನು ಕೊಲ್ಲಿಸುವ ಅಧಿಕಾರವನ್ನು ಪಂಚಾಯತಿ ಅಧ್ಯಕ್ಷರಿಗೆ ನೀಡಿತು. ಕಳೇಬರವನ್ನು ಹೂಳಬೇಕೆಂದು ವಿಧಿಸಿತು. ನಿರ್ಣಯ ಊರಿನ ಕೈಗೆ ಬಂದದ್ದು, ಮಾಂಸದ ಆಸೆ ಹೊರಗುಳಿದದ್ದು ಇಲ್ಲಿ ಗಮನಿಸಬೇಕಾದ ಸಂಗತಿ. ಆದರೂ ಪರವಾನಗಿ ಇರುವ ಕೋವಿಗಾರರು ಎಲ್ಲ ಊರಿನಲ್ಲಿ ಸಿಗಲಿಲ್ಲ. ಆಹಾರವೂ ಅಡಗುತಾಣವೂ ಇರುವಷ್ಟು ಕಾಲ ಹತ್ತು ಹಂದಿ ಸತ್ತ ಜಾಗವನ್ನು ಎರಡು ಸೂಲು ತುಂಬಿಸುತ್ತವೆ. ಕೋವಿಯೊಂದೇ ಪರಿಹಾರವಾಗಲಾರದು.

ಮಾಂಸದ ವಾದಕ್ಕೂ ಉತ್ತರ ಬೇಕು. ಬೇಟೆ ಮಲೆನಾಡಿನ, ಕೊಡಗಿನ ಬದುಕಿನ ಭಾಗವಾಗಿತ್ತು. ಅದನ್ನು ಹಳಿಯುವ ಅಗತ್ಯವಿಲ್ಲ. ಊರೆಲ್ಲ ಸೇರಿ, ಪಾಲು ಹಂಚಿ ಉಂಡ ಬೇಟೆ ಬೇರೆ. ಕಿಲೋ ಲೆಕ್ಕದಲ್ಲಿ ಕದ್ದು ಮಾರುವ ದಂಧೆ ಬೇರೆ. ಕಾಚಂಪುಳಿ ಹಾಕಿದ ಪಂದಿಕರಿಯ ರುಚಿಗೆ ಇಂದು ಸಾಕಿದ ಹಂದಿಯೇ ಸಾಕಾಗಿದೆ. ಕಾಡುಹಂದಿಯ ಮಾಂಸ ಸರಿಯಾಗಿ ಬೇಯದಿದ್ದರೆ ಪರೋಪಜೀವಿ ಹುಳುಗಳು ಮನುಷ್ಯನ ದೇಹ ಸೇರುತ್ತವೆ. 2020ರಲ್ಲಿ ಈಶಾನ್ಯ ಭಾರತದಲ್ಲಿ ಕಾಣಿಸಿಕೊಂಡ ಆಫ್ರಿಕನ್ ಹಂದಿಜ್ವರ 2022ರಲ್ಲಿ ನೆರೆಯ ವಯನಾಡಿಗೂ ಬಂತು. ಅದು ಮನುಷ್ಯರಿಗೆ ತಗುಲದು. ಆದರೆ ಸೋಂಕಿನ ಮಾಂಸ, ಎಂಜಲು ಊರೂರು ಸುತ್ತಿದರೆ ಬಡವರ ಹಂದಿಗೂಡುಗಳು ಬರಿದಾಗುತ್ತವೆ.

ಮಾಂಸಕ್ಕೆ ಬೆಲೆ ಬಂದಲ್ಲಿ ಉರುಳು, ಸಿಡಿಮದ್ದಿನ ಉಂಡೆ, ಕರೆಂಟಿನ ತಂತಿ ಬರುತ್ತವೆ. ಉರುಳಿಗೆ ಹಂದಿ, ಚಿರತೆ ಎಂಬ ಭೇದ ತಿಳಿಯದು. ತಂತಿಗೆ ಹಂದಿ, ಹಸು, ಮುಂಜಾನೆ ಗದ್ದೆಗೆ ಹೋದ ಮನುಷ್ಯ ಎಂಬ ಭೇದವಿಲ್ಲ. 2020ರ ಮೇ ತಿಂಗಳಲ್ಲಿ ಪಾಲಕ್ಕಾಡಿನ ಗಬ್ಬದ ಹೆಣ್ಣಾನೆ ಸಿಡಿಮದ್ದು ತುಂಬಿದ ಕಾಯಿ ಕಚ್ಚಿ, ಬಾಯಿ ಒಡೆದು, ಹೊಳೆಯಲ್ಲಿ ನಿಂತು ಸತ್ತಿತು. ಅಂಥ ಸಿಡಿಮದ್ದನ್ನು ಇಡುವುದು ಹಂದಿಗಾಗಿಯೇ.

ಹಾಗೆಂದು ಅರಣ್ಯ ಇಲಾಖೆ ಪಾರಾಗಲಾರದು. ಬೆಳೆ ಹಾನಿಗೆ ಸರ್ಕಾರ ಕೊಡುವ ಹಣಕ್ಕೆ ‘ದಯಾತ್ಮಕ ಧನ’ ಎಂದು ಹೆಸರು. ಆ ಹೆಸರಿನಲ್ಲೇ ದೋಷವಿದೆ. ಕಾಡಿನ ಜೀವಿಗಳ ಖರ್ಚನ್ನು ಇಡೀ ನಾಡಿನ ಪರವಾಗಿ ಹೊರುತ್ತಿರುವ ರೈತನಿಗೆ ಸಲ್ಲಬೇಕಾದದ್ದು ದಯೆಯೋ, ಹಕ್ಕೋ? ಅರ್ಜಿ, ಫೋಟೋ, ಪಹಣಿ ಹಿಡಿದು ವಲಯ ಕಚೇರಿಗೆ ಅಲೆದು ಸೋತವನೇ ಕೊನೆಗೆ ಉರುಳು ಇಡುವವನ ಮಾತಿಗೆ ಕಿವಿಗೊಡುತ್ತಾನೆ. ಸಂರಕ್ಷಣೆಯ ಭಾಷಣ ಮಾಡಿ ಪರಿಹಾರ ತಡಮಾಡುವ ವ್ಯವಸ್ಥೆಯೇ ಕಳ್ಳಬೇಟೆಯ ಮೊದಲ ಪಾಲುದಾರ.

ಆದ್ದರಿಂದ ಗ್ರಾಮಸಭೆಗಳಿಂದ ಏಳಬೇಕಾದ ಒತ್ತಾಯ ಬೇರೆಯೇ. ಪರಿಹಾರ ನಿಗದಿತ ದಿನಗಳೊಳಗೆ, ಮಾರುಕಟ್ಟೆ ದರದಲ್ಲಿ, ಹಕ್ಕಾಗಿ ಬರಲಿ. ಒಬ್ಬೊಬ್ಬರ ತೋಟಕ್ಕಲ್ಲ, ಇಡೀ ಬಯಲಿಗೆ ಒಂದೇ ಸೌರ ಬೇಲಿ ಬರಲಿ. ಅದರ ನಿರ್ವಹಣೆಗೆ ಹಣವೂ ಬರಲಿ. ಅಕೇಶಿಯಾ ತೆಗೆದ ನೆಲದಲ್ಲಿ ಹಲಸು, ನೇರಳೆ, ಬೈನೆ, ವಾಟೆ ಏಳಲಿ. 11ನೆಯ ಕಲಮಿನ ಅನುಮತಿ ಬೆಳೆ ಮುಗಿದ ಮೇಲಲ್ಲ, ಹಾನಿಯಾದ ವಾರದಲ್ಲೇ ಸಿಗಲಿ. ಪ್ರತಿ ಪಂಚಾಯತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ಕಾಗದದಿಂದ ಎದ್ದುಬರಲಿ. ಯಾವ ಗದ್ದೆಗೆ, ಯಾವ ತಿಂಗಳು, ಎಷ್ಟು ಹಾನಿ ಎಂಬ ದಾಖಲೆಯನ್ನು ಊರಿನ ವಿದ್ಯಾರ್ಥಿಗಳೇ ಬರೆಯಲಿ. ಲೆಕ್ಕವಿಲ್ಲದ ನೋವನ್ನು ಯಾವ ಕಚೇರಿಯೂ ಕೇಳದು.

ಹಂದಿಯನ್ನು ಶತ್ರುವೆಂದು ತೋರಿಸುವುದು ಸುಲಭ. ಅದು ಮಾತನಾಡದು, ಮತ ಹಾಕದು. ಕಾಡನ್ನು ಗುತ್ತಿಗೆಗೆ ಕೊಟ್ಟವರ, ಪರಿಹಾರದ ಕಡತ ಮುಚ್ಚಿಟ್ಟವರ, ಮಾಂಸ ಮಾರುವವರ ಹೆಸರು ಹೇಳುವುದು ಕಷ್ಟ. ಬೆಟ್ಟದ ಜನ ಈ ಕಷ್ಟದ ಕೆಲಸವನ್ನೇ ಆರಿಸಿಕೊಳ್ಳಬೇಕಾಗಿದೆ.