‘ಅದ್ರಲ್ಲಿ’ ಅನ್ನೋರಿಗೆ ‘ನಿಸ್ಸೊ’ ಕಷ್ಟವೇ?

ಹೊರದೇಶದ ಗಿರಾಕಿ ಅಂದ್ರೆ ಇಂಗ್ಲಿಷ್ ಬಂದರೆ ಸಾಕು ಅನ್ನೋ ನಂಬಿಕೆ ಪೀಣ್ಯದಲ್ಲಿ ಬಹಳ ದಿನದಿಂದ ಇದೆ. ಬ್ರೆಜಿಲ್‌ನಿಂದ ಒಂದು ಆರ್ಡರ್ ಬರಲಿ, ಆಗ ಗೊತ್ತಾಗುತ್ತೆ. ಅಲ್ಲಿ ಮೆಷಿನ್ ಮುಂದೆ ನಿಂತಿರೋ ಟೆಕ್ನಿಷಿಯನ್ ಮಾತಾಡೋದು ಪೋರ್ಚುಗೀಸ್. ಹಾಗಾಗಿ ನಮ್ಮ ಆಫೀಸಿನಲ್ಲಿ ನಾಲ್ಕು ಜನ ಅದನ್ನು ಕಲೀತಿದ್ದೀವಿ.

ನಮ್ಮಲ್ಲೊಬ್ಬ ಹುಡುಗ ಡಿಪ್ಲೊಮಾ ಮುಗಿಸಿ ಶಾಪ್ ಫ್ಲೋರ್‌ನಿಂದ ಸರ್ವೀಸ್ ಡೆಸ್ಕ್‌ಗೆ ಬಂದವನು. ಭಾಷೆ ಬಂದರೆ ಅವನ ಕೆಲಸ ಅಲ್ಲೇ ಖಾಯಂ, ಇಲ್ಲದಿದ್ರೆ ವಾಪಸ್ ಹಳೇ ಶಿಫ್ಟು. ಎರಡನೇ ವಾರಕ್ಕೇ ಕೈಚೆಲ್ಲಿದ: “ಮೇಡಂ, ನನಗೆ ಇಂಗ್ಲಿಷೇ ನೆಟ್ಟಗೆ ಬರಲ್ಲ, ಇದೊಂದು ಬೇರೆ ಕೇಡು.” ಅವನನ್ನು ಕಾಡಿದ್ದು ‘ನೆಸ್ತೆ, ದೆಸ್ಸೆ, ನಕೇಲೆ’ ಅನ್ನೋ ಕೂಡುಪದಗಳು.

ಲೆಕ್ಕ ಸರಳ. ಎಸ್ತೆ ಅಂದ್ರೆ ನನ್ನ ಹತ್ತಿರದ್ದು, ಎಸ್ಸೆ ನಿಮ್ಮ ಹತ್ತಿರದ್ದು, ಅಕೇಲೆ ಇಬ್ಬರಿಗೂ ದೂರದ್ದು. ‘ಎಂ’ ಅಂದ್ರೆ ‘ಅಲ್ಲಿ’, ‘ದೆ’ ಅಂದ್ರೆ ‘ಇಂದ’ ಅಥವಾ ‘ಅ’ ವಿಭಕ್ತಿ. ಎಂ + ಎಸ್ತೆ ಸೇರಿ ನೆಸ್ತೆ, ದೆ + ಎಸ್ಸೆ ಸೇರಿ ದೆಸ್ಸೆ. ಹೆಸರು ಹೇಳದೆ ಬರೀ ‘ಇದು, ಅದು’ ಅನ್ನೋದಾದ್ರೆ ಇಸ್ತೊ, ಇಸ್ಸೊ, ಅಕಿಲೊ. ಅವೂ ಸೇರಿ ನಿಸ್ತೊ, ದಿಸ್ಸೊ, ನಕಿಲೊ ಆಗುತ್ತವೆ.

ಇಂಗ್ಲಿಷ್ ಮೂಲಕ ಕಲಿತರೆ ‘ಇನ್ ದಿಸ್’ ಎರಡು ಪದ, ಆದ್ದರಿಂದ ‘ಎಂ ಎಸ್ತೆ’ ಅಂತ ಬಿಡಿಸಿ ಹೇಳೋ ಚಾಳಿ ಬರುತ್ತೆ. ಕನ್ನಡದವರಿಗೆ ಆ ಗೋಜಿಲ್ಲ. ನಾವು ‘ಅದರಲ್ಲಿ’ ಅನ್ನೋದೇ ಒಂದು ಪದ. ಅದನ್ನೂ ಒತ್ತಿ ‘ಅದ್ರಲ್ಲಿ’ ಮಾಡಿದ್ದೀವಿ. ನಮ್ಮಲ್ಲಿ ಪ್ರತ್ಯಯ ಹಿಂದೆ ಅಂಟುತ್ತೆ, ಅವರಲ್ಲಿ ಮುಂದೆ. ಅಷ್ಟೇ ವ್ಯತ್ಯಾಸ. ಮೂರು ದೂರವೂ ನಮಗೆ ಹೊಸದಲ್ಲ. ಹಳಗನ್ನಡದಲ್ಲಿ ಇದು, ಅದು ಎರಡರ ನಡುವೆ ‘ಉದು’ ಇತ್ತು, ತೀರಾ ಹತ್ತಿರವೂ ಅಲ್ಲದ, ದೂರವೂ ಅಲ್ಲದ ವಸ್ತುವಿಗೆ.

ನಾಗಸಂದ್ರದಲ್ಲಿ ಮೆಟ್ರೊ ಹತ್ತಿದರೆ ದಾಸರಹಳ್ಳಿ, ಜಾಲಹಳ್ಳಿ, ಪೀಣ್ಯ ಇಂಡಸ್ಟ್ರಿ. ಸ್ಟೇಷನ್‌ಗೊಂದು ವಾಕ್ಯ ಅಂತ ನಾನು ಇಟ್ಟುಕೊಂಡಿದ್ದೀನಿ:

ಮೋರೊ ನೆಸ್ತಾ ರೂಆ – ಈ ಬೀದೀಲಿ ಇರ್ತೀನಿ.
ತ್ರಬಾಲ್ಯೊ ನಕೇಲೆ ಪ್ರೆದಿಯೊ – ಆ ಬಿಲ್ಡಿಂಗ್‌ನಲ್ಲಿ ಕೆಲಸ ಮಾಡ್ತೀನಿ.
ಗೊಸ್ತೊ ದಿಸ್ಸೊ – ನಂಗೆ ಅದಿಷ್ಟ.

ರೂಆ ಸ್ತ್ರೀಲಿಂಗ, ಅದಕ್ಕೇ ನೆಸ್ತೆ ಹೋಗಿ ನೆಸ್ತಾ ಆಯಿತು. ಇಷ್ಟಪಡೋ ಕ್ರಿಯಾಪದ ‘ದೆ’ ಕೇಳುತ್ತೆ, ಅದಕ್ಕೇ ದಿಸ್ಸೊ. ಎಲ್ಲವೂ ಕೂಡಲ್ಲ: ‘ಪೊರ್ ಇಸ್ಸೊ’, ಅಂದ್ರೆ ‘ಅದಕ್ಕೇ’, ಎರಡು ಪದವಾಗೇ ಉಳಿಯುತ್ತೆ. ನಾನು ಕಾಗುಣಿತದ ಹಾಗೆ ಬರೆದಿದ್ದೀನಿ. ಬ್ರೆಜಿಲ್‌ನವರ ಬಾಯಲ್ಲಿ ಕೊನೆಯ ಎ, ಒ ಸಾಮಾನ್ಯವಾಗಿ ಇ, ಉ ಆಗುತ್ತವೆ.

ಫೋನ್‌ನಲ್ಲಿ ಇದು ಬರೀ ವ್ಯಾಕರಣ ಅಲ್ಲ. ‘ನೆಸ್ತಾ ಮಾಕಿನಾ’ ಅಂದ್ರೆ ನಮ್ಮ ಟೆಸ್ಟ್ ಬೆಂಚಿನ ಮೆಷಿನ್, ‘ನೆಸ್ಸಾ ಮಾಕಿನಾ’ ಅಂದ್ರೆ ಅವರ ಮುಂದಿರೋದು. ಯಾವುದರ ಪವರ್ ಆಫ್ ಮಾಡಬೇಕು ಅನ್ನೋದು ಒಂದು ಅಕ್ಷರದಲ್ಲಿದೆ. ಮಾತಿನಲ್ಲಿ ಬ್ರೆಜಿಲ್‌ನವರು ಎಷ್ಟೋ ಸಲ ಎರಡಕ್ಕೂ ಎಸ್ಸೆಯನ್ನೇ ಬಳಸ್ತಾರೆ. ಹಾಗಾಗಿ ಕಾಲ್‌ನಲ್ಲಿ ‘ಅಕಿ’ (ಇಲ್ಲಿ) ಅಥವಾ ‘ಅಯೀ’ (ನಿಮ್ಮ ಹತ್ರ) ಸೇರಿಸಿಬಿಡಿ, ಗೊಂದಲ ಇರಲ್ಲ.

ಆ ಹುಡುಗನಿಗೆ ನಾನು ಹೇಳಿದ್ದು ಒಂದೇ ಮಾತು: ಇಂಗ್ಲಿಷ್ ಬರಲ್ಲ ಅಂತ ಕೊರಗಬೇಡ, ಇಲ್ಲಿ ನಿನಗೆ ಕನ್ನಡವೇ ಹತ್ತಿರದ ದಾರಿ. ಈಗ ಅವನ ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಕಾಲಮ್ಮೇ ಇಲ್ಲ. ನೀವೂ ಯಾವುದಾದರೂ ಭಾಷೆ ಕಲೀತಿದ್ರೆ, ಒಂದು ವಾರ ಕನ್ನಡದ ಪಕ್ಕದಲ್ಲೇ ಬರೆದು ನೋಡಿ.