ಮಾತ್ರೆಯ ಜೊತೆಗೆ ತಪಾಸಣೆಯೂ ಬೇಕು

ಕಬ್ಬಿಣಾಂಶದ ಮಾತ್ರೆ ಹಂಚಿದರೆ ಮಹಿಳೆಯರ ಆರೋಗ್ಯದ ಹೊಣೆ ಮುಗಿಯಿತು ಎಂದು ಸರ್ಕಾರಗಳು ಭಾವಿಸುವಂತಿಲ್ಲ. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಮಹಿಳೆಯರ ಪೈಕಿ ಶೇ 53ರಷ್ಟು ಮಂದಿಗೆ ರಕ್ತಹೀನತೆ ಇತ್ತು. 2019–21ರಲ್ಲಿ ಅದು ಶೇ 57ಕ್ಕೆ ಏರಿತು. ಮಾತ್ರೆ ನಿರರ್ಥಕ ಎಂದು ಇದರ ಅರ್ಥವಲ್ಲ. ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ ಎಂಬ ಕಾರಣಕ್ಕೆ ಅನೇಕರು ಅದನ್ನು ಅರ್ಧಕ್ಕೇ ಬಿಡುತ್ತಾರೆ. ಊಟದ ಬೆನ್ನಿಗೇ ಕುಡಿಯುವ ಚಹಾ, ಕಾಫಿ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತವೆ. ಅತಿಯಾದ ಮುಟ್ಟಿನ ಸ್ರಾವ, ಕೊಕ್ಕೆಹುಳು, ಬಿ12 ಕೊರತೆ, ಥಲಸ್ಸೇಮಿಯಾದಂತಹ ಕಾರಣಗಳಿದ್ದರೆ ಮಾತ್ರೆಯೊಂದೇ ಸಾಲದು. ಕಾರಣ ತಿಳಿಯಲು ರಕ್ತ ಪರೀಕ್ಷೆಯೇ ಆಗಬೇಕು.

ತಪಾಸಣೆಯಲ್ಲಿ ನಾವು ಎಷ್ಟು ಹಿಂದಿದ್ದೇವೆ ಎಂಬುದಕ್ಕೆ 2019–21ರ ಅದೇ ಸಮೀಕ್ಷೆ ಸಾಕ್ಷಿ: 30ರಿಂದ 49 ವರ್ಷದವರಲ್ಲಿ ಒಮ್ಮೆಯಾದರೂ ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಮಾಡಿಸಿಕೊಂಡವರು ಶೇ 1.9 ಮಾತ್ರ. ಗರ್ಭಕಂಠಕ್ಕೆ ದುರ್ಬಲ ಅಸಿಟಿಕ್ ಆಮ್ಲ ಹಚ್ಚಿ, ಬಿಳಿ ಮಚ್ಚೆ ಮೂಡುವುದೇ ಎಂದು ಒಂದು ನಿಮಿಷ ಕಾದು ನೋಡುವ ವಿಧಾನಕ್ಕೆ ಪ್ರಯೋಗಾಲಯವೂ ಬೇಡ. ತರಬೇತಾದ ನರ್ಸ್ ಸಾಕು. ಆಶಾ ಕಾರ್ಯಕರ್ತೆಯರಿಗೆ ಈಗಾಗಲೇ ಹೊರಲಾರದಷ್ಟು ಕೆಲಸವಿದೆ, ಸಂಕೋಚದಿಂದ ಮಹಿಳೆಯರು ಬರುವುದಿಲ್ಲ ಎಂಬ ಆಕ್ಷೇಪಗಳಲ್ಲಿ ಹುರುಳಿದೆ. ಆದರೆ ಅದಕ್ಕೆ ಉತ್ತರ ತಪಾಸಣೆ ಕೈಬಿಡುವುದಲ್ಲ. ಕಾರ್ಯಕರ್ತೆಯರಿಗೆ ನ್ಯಾಯವಾದ ಸಂಭಾವನೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಹಿಳಾ ಸಿಬ್ಬಂದಿ, ಮರೆಯಿರುವ ಕೊಠಡಿ, ತಿಂಗಳಿಗೊಂದು ನಿಗದಿತ ದಿನ. ದೋಷ ಕಂಡುಬಂದವರಿಗೆ ಚಿಕಿತ್ಸೆಯ ಖಾತರಿಯೂ ಇರಬೇಕು. ಮುಂದಿನ ಬಜೆಟ್‌ನಲ್ಲಿ ಮಾತ್ರೆ ಖರೀದಿಯಷ್ಟೇ ಮಹತ್ವ ಇದಕ್ಕೂ ಸಿಗಲಿ.