ನಿಷೇಧವಿದೆ, ಟ್ಯಾಂಕ್ ಸೋರುತ್ತಿದೆ: ಇ-ಸಿಗರೇಟಿನ ಬಗ್ಗೆ ನಾವು ತಿಳಿಯಬೇಕಾದದ್ದು



ಕೆಲವು ತಿಂಗಳಿಂದ ಬೇರೆ ಬೇರೆ ಊರಿನ ಸದಸ್ಯರು ಒಂದೇ ಪ್ರಶ್ನೆಯನ್ನು ನಮ್ಮ ಮುಂದಿಡುತ್ತಿದ್ದಾರೆ. ಹೊಸೂರಿನವರು ಕೇಳಿದ್ದೂ ಅದೇ, ಕಾಸರಗೋಡಿನವರು ಕೇಳಿದ್ದೂ ಅದೇ, ಸೊಲ್ಲಾಪುರದವರು ಕೇಳಿದ್ದೂ ಅದೇ. ಕಾಲೇಜಿಗೆ ಹೋಗುವ ಹುಡುಗರ ಬ್ಯಾಗಿನಲ್ಲಿ ಪೆನ್ನಿನಂಥದ್ದೊಂದು ವಸ್ತು ಸಿಗುತ್ತದೆ. ಮಾವಿನಹಣ್ಣಿನದೋ ಪುದೀನದ್ದೋ ವಾಸನೆ ಇರುತ್ತದೆ. ಕೇಳಿದರೆ, "ಇದು ಬರೀ ಹಬೆ, ಹೊಗೆಯಲ್ಲ" ಎಂಬ ಉತ್ತರ ಬರುತ್ತದೆ. ಇದು ಏನು, ಇದರ ಕಾಯಿದೆ ಏನು, ಮನೆಯವರು ಏನು ಮಾಡಬೇಕು ಎಂದು ಕ್ರಮವಾಗಿ ಬರೆಯಿರಿ ಎಂದು ಸದಸ್ಯರು ಕೇಳಿದ್ದರಿಂದ ಈ ಲೇಖನ.

ವಸ್ತು ಏನು?

ಇ-ಸಿಗರೇಟು ಇಂದಿನ ರೂಪದಲ್ಲಿ ಬಂದದ್ದು ಚೀನಾದಿಂದ. ಹೊನ್ ಲಿಕ್ ಎಂಬ ಔಷಧ ತಜ್ಞರು 2003ರ ಸುಮಾರಿಗೆ ಅದನ್ನು ರೂಪಿಸಿದರು. ಅದರಲ್ಲಿ ಎರಡು ಬಗೆ. ಒಂದು ಸೇದಿ ಎಸೆಯುವುದು. ಇನ್ನೊಂದು ಮತ್ತೆ ಮತ್ತೆ ದ್ರವ ತುಂಬಿಸಿಕೊಳ್ಳುವ ಟ್ಯಾಂಕ್ ಇರುವುದು. ನಾವು ಮುಖ್ಯವಾಗಿ ಹೇಳಬೇಕಾದದ್ದು ಈ ಎರಡನೆಯದರ ಬಗ್ಗೆ.

ನಮ್ಮ ವಯಸ್ಸಿನವರಿಗೆ ಸೀಮೆಎಣ್ಣೆಯ ಬತ್ತಿ ಸ್ಟೌ ಗೊತ್ತು. ಕೆಳಗೆ ಎಣ್ಣೆ, ಅದನ್ನು ಹೀರುವ ಬತ್ತಿ, ಮೇಲೆ ಉರಿ. ಈ ಟ್ಯಾಂಕಿನ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ, ಉರಿ ಮಾತ್ರ ಇಲ್ಲ. ಗಾಜಿನ ಅಥವಾ ಪ್ಲಾಸ್ಟಿಕ್ಕಿನ ಸಣ್ಣ ಕೊಳವೆಯಲ್ಲಿ ದ್ರವ ಇರುತ್ತದೆ. ನಡುವೆ ಲೋಹದ ತಂತಿಯ ಸುರುಳಿ, ಅದಕ್ಕೆ ಕಾಯಿಲ್ ಎನ್ನುತ್ತಾರೆ. ಕಾಯಿಲಿಗೆ ತಗುಲಿ ಹತ್ತಿ. ಹತ್ತಿ ದ್ರವವನ್ನು ಹೀರುತ್ತದೆ, ಬ್ಯಾಟರಿ ಕಾಯಿಲನ್ನು ಕಾಯಿಸುತ್ತದೆ, ದ್ರವ ಹಬೆಯಾಗಿ ಬಾಯಿಗೆ ಬರುತ್ತದೆ. ದ್ರವದಲ್ಲಿ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಪರಿಮಳದ ರಾಸಾಯನಿಕ ಮತ್ತು ಬಹುತೇಕ ನಿಕೋಟಿನ್ ಇರುತ್ತವೆ. ತಂಬಾಕಿನ ಚಟ ಹಿಡಿಸುವ ಅಂಶ ನಿಕೋಟಿನ್ನೇ. ಹೊಗೆ ಇಲ್ಲ ಎಂದ ಮಾತ್ರಕ್ಕೆ ಅದು ಹೋಗಿಬಿಡುವುದಿಲ್ಲ.

ಕೆಡುವುದು ಎಲ್ಲಿ?

ಇಂಗ್ಲೆಂಡಿನಂಥ ದೇಶಗಳಲ್ಲಿ ಇದರ ನಿರ್ವಹಣೆ ಮಾಮೂಲಿ ವಿಷಯ. ಅಲ್ಲಿ ಸೇದುವವರಿಗೆ ಬರುವ ತೊಂದರೆಗಳನ್ನು ನೋಡಿದರೆ ಈ ವಸ್ತುವಿನ ಗುಣ ನಮಗೆ ಅರ್ಥವಾಗುತ್ತದೆ.

ಮೊದಲನೆಯದು ಸುಟ್ಟ ರುಚಿ. ಹೊಸ ಕಾಯಿಲ್ ಹಾಕಿ, ಹತ್ತಿ ಪೂರ್ತಿ ನೆನೆಯುವ ಮೊದಲೇ ಸೇದಿದರೆ, ಇಲ್ಲವೇ ಟ್ಯಾಂಕಿನಲ್ಲಿ ದ್ರವ ತಳ ಹಿಡಿದಿದ್ದರೆ ಹತ್ತಿಯೇ ಕರಕಲಾಗುತ್ತದೆ. ಎಣ್ಣೆ ಆರಿದ ಸ್ಟೌವಿನ ಬತ್ತಿ ಸುಡುವುದಿಲ್ಲವೇ, ಹಾಗೆ. ದ್ರವ ತುಂಬಿ ಐದು ಹತ್ತು ನಿಮಿಷ ಬಿಡಬೇಕು, ಕಾಯಿಲಿನ ಮೇಲೆ ಬರೆದಿರುವ ವ್ಯಾಟ್ ಮಿತಿಯನ್ನು ದಾಟಬಾರದು ಎಂಬುದು ಅಲ್ಲಿನ ನಿಯಮ. ಒಮ್ಮೆ ಸುಟ್ಟ ಕಾಯಿಲನ್ನು ತೊಳೆದು ಪ್ರಯೋಜನವಿಲ್ಲ, ಬದಲಾಯಿಸಲೇಬೇಕು. ದಿನವೂ ಸೇದುವವರು ಸಾಮಾನ್ಯವಾಗಿ ಒಂದೆರಡು ವಾರಕ್ಕೊಮ್ಮೆ ಬದಲಾಯಿಸುತ್ತಾರೆ.

ಎರಡನೆಯದು ಸೋರುವುದು. ಟ್ಯಾಂಕಿನ ಜೋಡಣೆಗಳಲ್ಲಿ ಕುಕ್ಕರಿನ ಗ್ಯಾಸ್ಕೆಟ್ಟಿನಂತೆ ಸಣ್ಣ ರಬ್ಬರ್ ಉಂಗುರಗಳಿರುತ್ತವೆ. ಅವು ಸವೆದರೆ, ಸೊಟ್ಟ ಕೂತರೆ, ಕಂಠಮಟ್ಟ ತುಂಬಿಸಿದರೆ ದ್ರವ ಹೊರಬರುತ್ತದೆ. ವಿಮಾನದಲ್ಲಿ ಗಾಳಿಯ ಒತ್ತಡ ಬದಲಾದಾಗಲೂ ಸೋರುತ್ತದೆ. ಹುಕ್ಕಾದ ಹಾಗೆ ಗುಳುಗುಳು ಸದ್ದು ಬಂದರೆ ಕಾಯಿಲಿನ ಒಳಗೆ ದ್ರವ ನುಗ್ಗಿದೆ ಎಂದರ್ಥ. ಆಗ ಬಿಚ್ಚಿ, ಮೆತ್ತನೆ ಕಾಗದದಿಂದ ಒರೆಸಿ, ಉಂಗುರ ನೋಡಿ ಮತ್ತೆ ಜೋಡಿಸುತ್ತಾರೆ. ವಾರಕ್ಕೊಮ್ಮೆ ಕಾಯಿಲ್ ತೆಗೆದಿಟ್ಟು, ಟ್ಯಾಂಕನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸುತ್ತಾರೆ.

ಮೂರನೆಯದು ಬ್ಯಾಟರಿ. ಟ್ಯಾಂಕಿನ ತಳದ ತಿರುಪಿನಲ್ಲಿ ಜಿಡ್ಡು ಕೂತರೆ ವಿದ್ಯುತ್ ಹರಿಯುವುದಿಲ್ಲ, ಒರೆಸಿದರೆ ಸರಿಹೋಗುತ್ತದೆ. ಆದರೆ ಬಿಡಿ ಲಿಥಿಯಂ ಬ್ಯಾಟರಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆ ಹರಿದಿದ್ದು, ಜೇಬಿನಲ್ಲಿ ಚಿಲ್ಲರೆ ಕಾಸಿಗೋ ಬೀಗದ ಕೈಗೋ ತಗುಲಿದರೆ ಶಾರ್ಟ್ ಆಗಿ ಬೆಂಕಿ ಹೊತ್ತಿಕೊಳ್ಳಬಹುದು. ತೊಡೆ ಸುಟ್ಟುಕೊಂಡವರ ಪ್ರಕರಣಗಳು ಹೊರದೇಶಗಳ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ.

ಇಷ್ಟನ್ನು ವಿವರಿಸಿದ್ದಕ್ಕೆ ಕಾರಣವಿದೆ. ಈ ವಸ್ತುವಿಗೆ ನಿರಂತರ ಆರೈಕೆ, ಸರಿಯಾದ ಬಿಡಿಭಾಗ, ಪರೀಕ್ಷೆಗೆ ಒಳಗಾದ ದ್ರವ ಮೂರೂ ಬೇಕು. ಮೂರೂ ಇದ್ದರೂ ಅಪಾಯ ಪೂರ್ತಿ ತಪ್ಪುವುದಿಲ್ಲ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ಟ್ಯಾಂಕುಗಳ ಹಬೆಯಲ್ಲಿ ಸೀಸ, ನಿಕ್ಕಲ್, ಕ್ರೋಮಿಯಂ ಮೊದಲಾದ ಲೋಹಗಳು ಕಂಡವು. ಕಾದ ಕಾಯಿಲಿನಿಂದ ಅವು ಹಬೆಗೆ ಸೇರುತ್ತವೆ ಎಂದು ಅವರು ತೋರಿಸಿದರು. ಒಣ ಹತ್ತಿ ಸುಟ್ಟಾಗ ಫಾರ್ಮಾಲ್ಡಿಹೈಡ್‌ನಂಥ ವಿಷಗಳೂ ಹೆಚ್ಚುತ್ತವೆ.

ಕಾಯಿದೆ ಏನು ಹೇಳುತ್ತದೆ?

ಗಡಿನಾಡಿನವರಾದ ನಮಗೆ ನಿಷೇಧ ಎಂಬ ಪದದ ಅನುಭವ ಇದೆ. ಗುಟ್ಕಾ ಉದಾಹರಣೆ ನೋಡಿ. ಕೇರಳ ಮತ್ತು ಮಹಾರಾಷ್ಟ್ರ 2012ರಲ್ಲಿ ನಿಷೇಧಿಸಿದವು, ಕರ್ನಾಟಕ ಮತ್ತು ತಮಿಳುನಾಡು 2013ರಲ್ಲಿ. ನಡುವಿನ ತಿಂಗಳುಗಳಲ್ಲಿ ಗಡಿಗೆರೆಯ ಒಂದು ಕಡೆ ಅಪರಾಧವಾದದ್ದು ಇನ್ನೊಂದು ಕಡೆ ಅಂಗಡಿ ಮುಂದೆ ಸರ ಕಟ್ಟಿ ತೂಗುತ್ತಿತ್ತು. ಇ-ಸಿಗರೇಟಿನಲ್ಲೂ ಮೊದಲು ಹೀಗೇ ಇತ್ತು. ಕರ್ನಾಟಕ 2016ರಲ್ಲಿ ನಿಷೇಧಿಸಿತು, ತಮಿಳುನಾಡು 2018ರಲ್ಲಿ. ಕೊನೆಗೆ ಕೇಂದ್ರ ಸರ್ಕಾರ 2019ರ ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆ ಹೊರಡಿಸಿತು. ಅದೇ ಡಿಸೆಂಬರಿನಲ್ಲಿ ಅದು ಕಾಯಿದೆಯಾಯಿತು. ಈಗ ಗಡಿಯ ಆಚೆಗೂ ಈಚೆಗೂ ಒಂದೇ ನಿಯಮ.

ಕಲಂ 4ರ ಪ್ರಕಾರ ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ವಿತರಣೆ, ಜಾಹೀರಾತು ಎಲ್ಲವೂ ನಿಷಿದ್ಧ. ಮೊದಲ ಸಲ ಒಂದು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಮೂರು ವರ್ಷದವರೆಗೆ ಸೆರೆ ಮತ್ತು ಐದು ಲಕ್ಷದವರೆಗೆ ದಂಡ. ಕಲಂ 5 ದಾಸ್ತಾನಿಗೆ ಸಂಬಂಧಿಸಿದ್ದು. ಅದಕ್ಕೆ ಆರು ತಿಂಗಳವರೆಗೆ ಸೆರೆ ಅಥವಾ 50,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಸೇದುವವನಿಗೆಂದು ಪ್ರತ್ಯೇಕ ಶಿಕ್ಷೆಯನ್ನು ಕಾಯಿದೆ ಬರೆದಿಲ್ಲ. ಆದರೆ ನಾಲ್ಕು ಗೆಳೆಯರಿಗೆಂದು ತರಿಸಿ ಹಂಚಿದ ಹುಡುಗ ಕಾಯಿದೆಯ ಕಣ್ಣಿಗೆ ವಿತರಕನಾಗಿ ಕಾಣುತ್ತಾನೆ. ಇದನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕು.

"ನಿಕೋಟಿನ್ ಇಲ್ಲದ್ದು, ಆದ್ದರಿಂದ ತಪ್ಪಿಲ್ಲ" ಎಂಬ ಮಾತೂ ಓಡಾಡುತ್ತಿದೆ. ಕಾಯಿದೆಯ ವ್ಯಾಖ್ಯೆಯಲ್ಲಿ ನಿಕೋಟಿನ್ ಇದ್ದರೂ ಇಲ್ಲದಿದ್ದರೂ ಎಂದು ಸ್ಪಷ್ಟವಾಗಿದೆ. ಬಿಡಿಭಾಗಗಳ ಆಮದಿಗೂ 2019ರ ಸೆಪ್ಟೆಂಬರಿನಲ್ಲೇ ತಡೆ ಬಿದ್ದಿದೆ. ಕಾಸರಗೋಡಿನ ಮನೆಗಳು ಇದನ್ನು ಗಮನಿಸಬೇಕು. ಸಂಯುಕ್ತ ಅರಬ್ ಸಂಸ್ಥಾನದಲ್ಲಿ 2019ರಿಂದ ಇದರ ಮಾರಾಟಕ್ಕೆ ಅವಕಾಶವಿದೆ. ಅಲ್ಲಿ ಅಂಗಡಿಯಲ್ಲಿ ರಸೀದಿ ಕೊಟ್ಟು ಮಾರಿದ ವಸ್ತು, ಇಲ್ಲಿನ ವಿಮಾನ ನಿಲ್ದಾಣದಲ್ಲಿ ಇಳಿದ ಕೂಡಲೇ ನಿಷಿದ್ಧ ಆಮದು. ರಜೆಗೆ ಬರುವ ಮಕ್ಕಳಿಗೆ, ಅಳಿಯಂದಿರಿಗೆ ಫೋನಿನಲ್ಲೇ ಹೇಳಿಬಿಡುವುದು ಒಳ್ಳೆಯದು.

ಹೊರದೇಶಗಳ ದಾರಿ ಬೇರೆ

ಬ್ರಿಟನ್ ಬೇರೆ ದಾರಿ ಹಿಡಿದಿದೆ. ಸಿಗರೇಟು ಬಿಡಲು ಆಗದ ವಯಸ್ಕರು ಇದಕ್ಕೆ ಬದಲಾದರೆ ಅಪಾಯ ಕಡಿಮೆ ಎಂಬುದು ಅಲ್ಲಿನ ಆರೋಗ್ಯ ಇಲಾಖೆಯ ನಿಲುವು. ಆದರೆ ಟ್ಯಾಂಕ್ 2 ಮಿಲಿಲೀಟರ್ ಮೀರಬಾರದು, ದ್ರವದ ಬಾಟಲಿ 10 ಮಿಲಿಲೀಟರ್ ಮೀರಬಾರದು, ನಿಕೋಟಿನ್ ಮಿಲಿಲೀಟರಿಗೆ 20 ಮಿಲಿಗ್ರಾಂ ಮೀರಬಾರದು, ಮುಚ್ಚಳ ಮಕ್ಕಳ ಕೈಗೆ ಬಿಚ್ಚಬಾರದು ಎಂದು ಕಟ್ಟುಪಾಡು. ಸೇದಿ ಎಸೆಯುವ ಬಗೆಯನ್ನು ಅಲ್ಲಿ 2025ರ ಜೂನ್ 1ರಿಂದ ನಿಷೇಧಿಸಿದ್ದಾರೆ. ಮಕ್ಕಳಲ್ಲಿ ಬಳಕೆ ಹೆಚ್ಚಿದ್ದು ಮತ್ತು ಕಸದ ರಾಶಿ ಬೆಳೆದದ್ದು ಕಾರಣ. ಹೀಗಾಗಿ ತುಂಬಿಸುವ ಟ್ಯಾಂಕುಗಳೇ ಈಗ ಅಲ್ಲಿ ಎಲ್ಲೆಡೆ. ಆಸ್ಟ್ರೇಲಿಯಾ 2024ರ ಜುಲೈಯಿಂದ ಮಾರಾಟವನ್ನು ಔಷಧದಂಗಡಿಗೆ ಸೀಮಿತಗೊಳಿಸಿದೆ. ಸಿಂಗಪುರದಲ್ಲಿ ಸೇದುವುದೂ ಅಪರಾಧ.

ಮೊಮ್ಮಕ್ಕಳನ್ನು ನೋಡಿಕೊಳ್ಳಲು ಆರು ತಿಂಗಳು ಲಂಡನ್ನಿಗೋ ಮ್ಯಾಂಚೆಸ್ಟರಿಗೋ ಹೋಗುವ ಅಜ್ಜ ಅಜ್ಜಿಯರು ನಮ್ಮ ಸದಸ್ಯರಲ್ಲಿದ್ದಾರೆ. ಅವರಿಗೊಂದು ಮಾತು. ಆ ಮನೆಯಲ್ಲಿ ಯಾರಾದರೂ ಇದನ್ನು ಬಳಸುತ್ತಿದ್ದರೆ ದ್ರವದ ಬಾಟಲಿಯನ್ನು ಔಷಧಿಯಂತೆ ಎತ್ತರದಲ್ಲಿ ಬೀಗ ಹಾಕಿಡಲು ಹೇಳಿ. ಹಣ್ಣಿನ ವಾಸನೆಗೆ ಮಗು ಬಾಯಿಗಿಟ್ಟುಕೊಂಡರೆ ನಿಕೋಟಿನ್ ವಿಷವಾಗುತ್ತದೆ. ಚರ್ಮಕ್ಕೆ ತಗುಲಿದರೂ ಒಳಗಿಳಿಯುತ್ತದೆ, ಕೂಡಲೇ ಸೋಪು ನೀರಿನಿಂದ ತೊಳೆಯಬೇಕು. ಮಗು ನುಂಗಿದ ಅನುಮಾನ ಬಂದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಹೋಗುವಾಗ ಬಾಟಲಿಯನ್ನೂ ಒಯ್ಯಬೇಕು.

ನಮ್ಮ ಅಭಿಪ್ರಾಯ

ನಿಷೇಧ ತಪ್ಪು ಎಂದು ನಾವು ಹೇಳುವುದಿಲ್ಲ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ನಮ್ಮ ದೇಶದ ವಯಸ್ಕರಲ್ಲಿ ನೂರಕ್ಕೆ 28.6 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಇ-ಸಿಗರೇಟಿನವರು ನೂರಕ್ಕೆ 0.02 ಮಾತ್ರ. ಬೇರೂರುವ ಮೊದಲೇ ಕಿತ್ತರೆ ಲೇಸು ಎಂಬ ಸರ್ಕಾರದ ವಾದಕ್ಕೆ ಅರ್ಥವಿದೆ. ಬೀಡಿ, ಸಿಗರೇಟು ಎಂದಿನಂತೆ ಮಾರಾಟವಾಗುತ್ತಿರುವಾಗ ಇದೊಂದನ್ನೇ ಏಕೆ ಎಂದು ಕೇಳುವವರ ಮಾತಿಗೂ ತೂಕವಿದೆ.

ನಮ್ಮ ಆತಂಕ ಬೇರೆ ಕಡೆ ಇದೆ. ನಿಷೇಧವಾದ ಮೇಲೂ ವಸ್ತು ಬರುತ್ತಿದೆ, ಪೊಲೀಸರು ಮತ್ತು ಕಸ್ಟಮ್ಸಿನವರು ಹಿಡಿದ ಸುದ್ದಿಗಳೇ ಅದಕ್ಕೆ ಸಾಕ್ಷಿ. ಹೀಗೆ ಕದ್ದು ಬಂದ ಟ್ಯಾಂಕಿಗೆ ಹೊಸ ಕಾಯಿಲ್ ಸುಲಭವಾಗಿ ಸಿಗುವುದಿಲ್ಲ, ಸುಟ್ಟದ್ದನ್ನೇ ಸೇದುತ್ತಾರೆ. ದ್ರವದ ಬಾಟಲಿಯ ಮೇಲೆ ಬರೆದದ್ದು ನಿಜವೇ ಎಂದು ನೋಡುವ ಅಧಿಕಾರಿ ಯಾರೂ ಇಲ್ಲ. ಬಿಚ್ಚಿ ತುಂಬಿಸುವ ಟ್ಯಾಂಕಿಗೆ ಯಾರು ಏನನ್ನು ಬೇಕಾದರೂ ತುಂಬಿಸಬಹುದು.

ಇದು ಬರೀ ಊಹೆಯಲ್ಲ. ಅಮೆರಿಕದಲ್ಲಿ 2019ರಲ್ಲಿ ಇದೇ ಆಯಿತು. 2020ರ ಫೆಬ್ರವರಿ ಹೊತ್ತಿಗೆ ಶ್ವಾಸಕೋಶಕ್ಕೆ ಪೆಟ್ಟಾಗಿ 2,807 ಮಂದಿ ಆಸ್ಪತ್ರೆ ಸೇರಿದ್ದರು ಅಥವಾ ಸತ್ತಿದ್ದರು. ಸತ್ತವರು 68 ಮಂದಿ. ಹೆಚ್ಚಿನವರು ಬಳಸಿದ್ದು ಗೆಳೆಯರಿಂದಲೋ ಬೀದಿ ವ್ಯಾಪಾರಿಗಳಿಂದಲೋ ಬಂದ ಗಾಂಜಾ ಅಂಶದ ದ್ರವ. ಅದಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಮುಖ್ಯ ಕಾರಣ ಎಂದು ತನಿಖೆ ತೋರಿಸಿತು. ಸಿಂಗಪುರದಲ್ಲಿ ಇಂಥ ದ್ರವಕ್ಕೆ ಅರಿವಳಿಕೆಯ ಎಟೊಮಿಡೇಟ್ ಸೇರಿಸಿ ಮಾರಿದ್ದರಿಂದ, 2025ರ ಸೆಪ್ಟೆಂಬರ್ 1ರಿಂದ ಅದನ್ನು ಮಾದಕ ದ್ರವ್ಯಗಳ ಪಟ್ಟಿಗೆ ಸೇರಿಸಬೇಕಾಯಿತು. ಕಟ್ಟುನಿಟ್ಟಿಗೆ ಹೆಸರಾದ ದೇಶದ ಗತಿಯೇ ಹೀಗಾದರೆ, ನಾವು ಕಾಯಿದೆಯ ಹಾಳೆಯನ್ನು ನಂಬಿ ಕೂರುವಂತಿಲ್ಲ.

ಕಾಯಿದೆ ಅಂಗಡಿಯನ್ನು ಮುಚ್ಚಿಸಬಲ್ಲದು. ಬ್ಯಾಗಿನೊಳಗಿರುವುದನ್ನು ಗುರುತಿಸಿ ಮಾತಾಡಬೇಕಾದವರು ಮನೆಯವರು, ಮೇಷ್ಟ್ರುಗಳು. ಗಡಿನಾಡಿನಲ್ಲಿ ಇಲ್ಲೊಂದು ತೊಡಕಿದೆ. ಎಚ್ಚರಿಕೆಯ ಫಲಕ, ಕರಪತ್ರಗಳು ಆಯಾ ರಾಜ್ಯದ ಭಾಷೆಯಲ್ಲಿ ಬರುತ್ತವೆ. ಮಗ ಅದನ್ನು ಓದಬಲ್ಲ, ಕನ್ನಡ ಮಾತ್ರ ಬಲ್ಲ ತಾಯಿ ಓದಲಾರಳು. ಮಗ "ಬರೀ ಹಬೆ ಅಮ್ಮಾ" ಎಂದರೆ ಅವಳು ನಂಬಬೇಕಾಗುತ್ತದೆ. ಆದ್ದರಿಂದ ಗಡಿ ತಾಲೂಕುಗಳ ಕನ್ನಡ ಶಾಲೆಗಳಿಗೆ ಈ ತಿಳಿವಳಿಕೆ ಕನ್ನಡದಲ್ಲೇ ತಲುಪಬೇಕೆಂದು ಆಯಾ ಜಿಲ್ಲಾಡಳಿತಕ್ಕೆ ಮನವಿ ಕೊಡುವುದು ಸೂಕ್ತ ಎಂದು ನಮಗೆ ಅನ್ನಿಸುತ್ತದೆ. ಮನವಿಯ ಕರಡು ಸಿದ್ಧವಿದೆ. ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಮಂಡಿಸುತ್ತೇವೆ. ಸದಸ್ಯರು ತಿದ್ದುಪಡಿಗಳಿದ್ದರೆ ಮೊದಲೇ ಬರೆದು ಕಳಿಸಬೇಕು.

ಮನೆಯಲ್ಲಿ ಇಂಥದ್ದು ಕಂಡರೆ ಹೊಡೆದು ಬಡಿದು ಮಾಡಬೇಡಿ, ನಾಲ್ಕು ಜನರ ಮುಂದೆ ಮರ್ಯಾದೆ ತೆಗೆಯಬೇಡಿ. ಎಲ್ಲಿಂದ ಬಂತು, ಒಳಗೆ ಏನಿದೆ, ಎಷ್ಟು ದಿನವಾಯಿತು ಎಂದು ಸಮಾಧಾನವಾಗಿ ಕೇಳಿ. ಉಸಿರು ಕಟ್ಟುವುದು, ಎದೆನೋವು, ಬಿಡದ ಕೆಮ್ಮು ಇದ್ದರೆ ವೈದ್ಯರ ಹತ್ತಿರ ನಿಜ ಹೇಳಿಸಿ. ಕಲೆಸಿದ ದ್ರವ ಯಾವುದೆಂದು ಗೊತ್ತಾದರೆ ಚಿಕಿತ್ಸೆ ಸುಲಭ. ಚಟ ಬಿಡಲು ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 1800-11-2356 ಇದೆ. ಕನ್ನಡದಲ್ಲಿ ಮಾತಾಡಬೇಕೆಂದು ಸಂಕೋಚವಿಲ್ಲದೆ ಕೇಳಿ. ಈ ಸಂಖ್ಯೆಯನ್ನು ಸಂಘದ ಫಲಕದಲ್ಲೂ ಬರೆಸಿದ್ದೇವೆ. ನಿಮ್ಮ ಊರಿನ ಕನ್ನಡ ಶಾಲೆಯ ಫಲಕದಲ್ಲೂ ಬರೆಸಿ.

ಇತಿ,
ಕಾರ್ಯದರ್ಶಿ, ಸಂಘದ ಪರವಾಗಿ